ಮಾಸ್ತಮ್ಮನ ಅರ್ಧ ಕಲ್ಲು

ಉದ್ದನಪಲ್ಲಿಯ ನಮ್ಮ ಮನೆಯಲ್ಲಿ ಅಡುಗೆಮನೆಗೂ ದನದ ಕೊಟ್ಟಿಗೆಗೂ ನಡುವೆ ಒಂದು ಕಲ್ಲು ಇತ್ತು. ಮನೆಯೊಳಗೆ ಕಲ್ಲು ಇತ್ತು ಅನ್ನುವುದಕ್ಕಿಂತ, ಕಲ್ಲು ಬಿಟ್ಟುಕೊಟ್ಟ ಜಾಗದಲ್ಲಿ ನಾವು ಮನೆ ಮಾಡಿಕೊಂಡಿದ್ದೆವು ಅನ್ನುವುದೇ ಸರಿ. ಗೋಡೆ ಅದರ ಹತ್ತಿರ ಬಂದು ಒಂದು ಮೊಳ ಪಕ್ಕಕ್ಕೆ ಸರಿದು ಮುಂದೆ ಹೋಗುತ್ತಿತ್ತು. ಕಲಗಚ್ಚಿನ ಬಕೆಟ್ಟು ಹಿಡಿದು ಕೊಟ್ಟಿಗೆಗೆ ಹೋಗುವವರು ಅಲ್ಲಿ ಮೈ ಓರೆ ಮಾಡಿಕೊಂಡು ದಾಟಬೇಕಿತ್ತು. ತಾತ ನೆಲಕ್ಕೆ ಸಿಮೆಂಟು ಹಾಕಿಸಿದಾಗ ತಲೆಮಾರುಗಳಿಂದ ಮಣ್ಣಿನಲ್ಲಿ ಹೂತಿದ್ದ ಕಲ್ಲಿನ ಬುಡವನ್ನೂ ಸೇರಿಸಿಯೇ ಹಾಕಿಸಿದ್ದರಿಂದ ನಾನು ನೋಡುವ ಹೊತ್ತಿಗೆ ಅದು ಮಂಡಿಯೆತ್ತರ ಮಾತ್ರ ಉಳಿದಿತ್ತು. ತುದಿಯಲ್ಲಿ ಸೂರ್ಯ, ಚಂದ್ರ. ಕೆಳಗೆ ಒಂದೊಂದು ಕೈ ಮೇಲೆತ್ತಿ ನಿಂತ ಇಬ್ಬರು ಹೆಂಗಸರು. ಅವರ ನಡುವೆ ಎಣ್ಣೆ, ಅರಿಸಿನ, ಕುಂಕುಮ ಮೆತ್ತಿ ಮೆತ್ತಿ ಗಟ್ಟಿಯಾಗಿದ್ದ ಒಂದು ಉಬ್ಬು. ಆ ಉಬ್ಬೇ ಬೆಂಕಿ ಎಂದು ಅಜ್ಜಿ ಹೇಳುತ್ತಿದ್ದಳು. ಯಾವುದೋ ರಾಜನ ಕಾಲದಲ್ಲಿ ನಮ್ಮ ಮನೆಯ ಗಂಡಸೊಬ್ಬ ಯುದ್ಧದಲ್ಲಿ ಬಿದ್ದ. ಅವನ ಹೆಂಡತಿ ಅವನ ಚಿತೆಗೆ ನಡೆದಳು. ಅವಳೇ ಮಾಸ್ತಮ್ಮ. ನಮ್ಮದು ಮಾಸ್ತಮ್ಮನ ಮನೆ. ಊರಿನಲ್ಲಿ ಬೇರೆಯವರಿಗೆ ಹೊಲ, ತೋಟ, ಮೂರಂತಸ್ತಿನ ಮನೆ ಇದ್ದವು. ನಮಗೆ ಸುಟ್ಟುಹೋದ ಒಬ್ಬ ಹೆಂಗಸು ಇದ್ದಳು.

ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳ ಕೊನೆಯ ಶುಕ್ರವಾರ ಮನೆಯ ಮುತ್ತೈದೆಯರು ಕಲ್ಲಿನ ಎತ್ತಿದ ಕೈಗೆ ಗಾಜಿನ ಬಳೆ ಮುಟ್ಟಿಸಿ, ತಂಬಿಟ್ಟಿನ ದೀಪ ಹಚ್ಚಿ, ಆಮೇಲೆ ಆ ಬಳೆಗಳನ್ನು ತಾವು ತೊಡುತ್ತಿದ್ದರು. ಅದಕ್ಕೆ ಬೇಕಾದ ಕೆಲಸವನ್ನೆಲ್ಲ ಮಾಡುತ್ತಿದ್ದವಳು ಅಪ್ಪನ ತಂಗಿ ರತ್ನತ್ತೆ. ಕಲ್ಲಿನ ಸುತ್ತ ತೊಳೆಯುವುದು, ಅಕ್ಕಿ ನೆನೆಹಾಕಿ ಕುಟ್ಟುವುದು, ಬೆಲ್ಲ ಕರಗಿಸುವುದು, ಹಿಟ್ಟು ನಾದಿ ಹೆಬ್ಬೆರಳಿನಿಂದ ಅದುಮಿ ಬತ್ತಿಗೆ ಕುಳಿ ಮಾಡುವುದು, ಎಲ್ಲ ಅವಳೇ. ಪೂಜೆಯ ಹೊತ್ತಿಗೆ ಮಾತ್ರ ಅವಳು ಕೊಟ್ಟಿಗೆಯೊಳಗೆ ಹಸುವಿನ ಪಕ್ಕ ನಿಂತಿರುತ್ತಿದ್ದಳು. ಅವಳಿಗೆ ಹಸು ಅಂದರೆ ಪ್ರೀತಿ, ಅದಕ್ಕೇ ಅಲ್ಲಿರುತ್ತಾಳೆ ಎಂದು ನಾನು ಬಹಳ ದಿನ ನಂಬಿದ್ದೆ. ಮಕ್ಕಳ ನಂಬಿಕೆಗಳಲ್ಲಿ ಹೆಚ್ಚಿನವು ದೊಡ್ಡವರಿಗೆ ಅನುಕೂಲ ಮಾಡಿಕೊಡಲಿಕ್ಕೆಂದೇ ಹುಟ್ಟಿರುತ್ತವೆ. ಅತ್ತೆಯ ಗಂಡ ಹೊಸೂರಿನ ಕಾರ್ಖಾನೆಯಿಂದ ಶಿಫ್ಟು ಮುಗಿಸಿ ಬೈಕಿನಲ್ಲಿ ಬರುವಾಗ ರಸ್ತೆಯಲ್ಲಿ ಸತ್ತಿದ್ದ. ಮದುವೆಯ ಸೀರೆಗಳ ಮಡಿಕೆ ಬಿಚ್ಚುವ ಮೊದಲೇ ಅವಳು ಅದೇ ಟ್ರಂಕಿನ ಜೊತೆ ನಮ್ಮ ಮನೆಗೆ ವಾಪಸ್ಸು ಬಂದಿದ್ದಳು. ಹಗಲು ಗುಲಾಬಿ ತೋಟದ ಪ್ಲಾಸ್ಟಿಕ್ ಚಪ್ಪರದೊಳಗೆ ಹೂವಿನ ಕಡ್ಡಿಗಳನ್ನು ಉದ್ದ ನೋಡಿ ಬೇರೆ ಮಾಡುವ ಕೆಲಸ. ಬೆಳಗ್ಗೆ ಸಂಜೆ ಮನೆಯ ಕೆಲಸ. ಅವಳ ಬೆರಳ ತುದಿಗಳಲ್ಲಿ ಯಾವಾಗಲೂ ಮುಳ್ಳಿನ ಗೀರುಗಳಿರುತ್ತಿದ್ದವು.

ಇತಿಹಾಸ ನಮ್ಮ ಮನೆಗೆ ಸಾಯಂಕಾಲ ಮುದ್ದೆಯ ಜೊತೆ ಬರುತ್ತಿತ್ತು. ಟೀವಿಯಲ್ಲಿ ರಾಜರ ಧಾರಾವಾಹಿ. ಅವ್ವ ಕೋಲಿನಿಂದ ಮುದ್ದೆ ತಿರುವುತ್ತಿರುವಾಗಲೇ ಅಲ್ಲಿ ಕೋಟೆ ಬಾಗಿಲು ಮುರಿಯುತ್ತಿತ್ತು. ನಾವು ಉಳ್ಳಿಕಾಳು ಸಾರಿನಲ್ಲಿ ಮುದ್ದೆ ಅದ್ದುವಾಗ ರಾಣಿ ಅಳುತ್ತಿದ್ದಳು, ಕಾಡಿಗೆ ಮಾತ್ರ ಕದಡುತ್ತಿರಲಿಲ್ಲ. ಅಪ್ಪ ಲಾರಿ ಕಾರ್ಖಾನೆಯಲ್ಲಿ ಬೋಲ್ಟು ಬಿಗಿದು ಬಂದ ಕೈಯಲ್ಲೇ ತಟ್ಟೆ ಹಿಡಿದು, ಸೇನಾಪತಿ ಮಾಡಿದ ತಪ್ಪುಗಳನ್ನು ವಿವರಿಸುತ್ತಿದ್ದ. ಅಜ್ಜಿ ಒಡವೆ ನೋಡುತ್ತಿದ್ದಳು. ನಾನು ಅಜ್ಜಿಯನ್ನು ನೋಡುತ್ತಿದ್ದೆ. ಯಾಕೆಂದರೆ ಊಟವಾದ ಮೇಲೆ ಅವಳು ಹೇಳುವ ಮಾಸ್ತಮ್ಮನ ಕತೆಯೊಳಗೆ ಆ ಒಡವೆಗಳೆಲ್ಲ ಬಂದು ಸೇರುತ್ತಿದ್ದವು. ಮೊದಲು ಮಾಸ್ತಮ್ಮ ರಾಗಿ ಬೀಸುತ್ತಾ ಇದ್ದವಳು. ಗಂಡ ಸತ್ತ ಸುದ್ದಿ ಬಂದಾಗ ಕೈಯಲ್ಲಿ ಹಿಟ್ಟಿತ್ತು. ಬೇರೊಂದು ಧಾರಾವಾಹಿ ಶುರುವಾದ ಮೇಲೆ ಅವಳು ಕನ್ನಡಿಯ ಮುಂದೆ ಕೂತಿದ್ದಳು. ಆಮೇಲೆ ಅವಳಿಗೆ ಒಂದು ಕುದುರೆ ಬಂತು. ಕಲ್ಲಿನ ಮೇಲಿನ ಎರಡನೆಯ ಹೆಂಗಸು ಮೊದಲು ನಾದಿನಿ, ಮುಂದಿನ ವರ್ಷ ಸವತಿ, ಕೊನೆಗೆ ಅರಮನೆಯ ಗೆಳತಿ.

"ಅಜ್ಜಿ, ಹೋದ್ವರ್ಷ ಆವಮ್ಮ ನಾದಿನಿ ಅಂದಿದ್ದೆ."

"ನಾದಿನೀನೇ ಕಣೆ. ಗೆಳತಿ ಥರ ಇದ್ಲು."

"ಕುದುರೆ ಎಲ್ಲಿಂದ ಬಂತು?"

"ನಿಮ್ಮಪ್ಪಂಗೆ ಬೈಕ್ ಎಲ್ಲಿಂದ ಬಂತೋ ಅಲ್ಲಿಂದ. ಬಾಯ್ ಮುಚ್ಕೊಂಡ್ ಕೇಳೋದಾದ್ರೆ ಕೇಳು, ಇಲ್ದಿದ್ರೆ ಎದ್ದೋಗು."

ಬಾಯಿ ಮುಚ್ಚಿಕೊಳ್ಳುವುದನ್ನು ನನಗೆ ಕಲಿಸಿದವರಿಲ್ಲ; ತೆರೆಯುವುದನ್ನು ಶಾಲೆಯಲ್ಲಿ ಕ್ರಮವಾಗಿ ಕಲಿಸಿದರು. ಊರು ತಮಿಳುನಾಡಿಗೆ ಸೇರಿದ್ದರಿಂದ ನಮ್ಮದು ತಮಿಳು ಮಾಧ್ಯಮ. ಮನೆಯಲ್ಲಿ ಕನ್ನಡ, ಅಂಗಡಿ ಬೀದಿಯಲ್ಲಿ ತೆಲುಗು, ಶಾಲೆಯಲ್ಲಿ ತಮಿಳು. ಯಾವುದರಲ್ಲಿ ಜಗಳ ಗೆಲ್ಲುತ್ತದೋ ಆ ಭಾಷೆಗೆ ಜಿಗಿಯುವುದು ನಮ್ಮ ಕಡೆಯ ಮಕ್ಕಳಿಗೆ ಹುಟ್ಟಿನಿಂದ ಬಂದ ವಿದ್ಯೆ. (ಕನ್ನಡ ಬರೆಯಲು ಕಲಿತದ್ದು ಬಹಳ ಆಮೇಲೆ, ಹಟಕ್ಕೆ.) ವಾರ್ಷಿಕೋತ್ಸವಕ್ಕೆ ಪಟ್ಟಿಮನ್ರಂ ಇರುತ್ತಿತ್ತು. ವೇದಿಕೆಯ ಎರಡು ಬದಿಗೆ ಎರಡು ತಂಡ, ನಡುವೆ ತೀರ್ಪುಗಾರ, ಎದುರಿಗೆ ಚಪ್ಪಾಳೆಗೆ ಕಾದ ಊರು. ಚರಿತ್ರೆ ಎಂದರೆ ಜನಕ್ಕೆ ಇಷ್ಟ ಅಂತ ವಿಷಯವೂ ಅದರದೇ: ರಾಜ್ಯ ಕಟ್ಟಿದವರು ರಾಜರೋ, ಸೈನಿಕರೋ. ನಾನು ಸೈನಿಕರ ಪರ. ನಮ್ಮನ್ನು ತಯಾರು ಮಾಡಿದ ತಮಿಳು ಮೇಷ್ಟ್ರು ಎರಡು ಪಾಠ ಹೇಳಿಕೊಟ್ಟರು. ಎದುರಾಳಿಯ ಅತಿ ಬಲವಾದ ಮಾತನ್ನೇ ಮೊದಲು ಎತ್ತಿಕೊ. ಯಾವುದನ್ನು ಸಾಕ್ಷಿ ಅಂತ ಒಪ್ಪುತ್ತೀಯ ಎಂದು ಅವನ ಬಾಯಲ್ಲೇ ಹೇಳಿಸು. ಎರಡನ್ನೂ ನಾನು ಎಂಟನೆಯ ತರಗತಿಯಲ್ಲೇ ಅರೆದು ಕುಡಿದಿದ್ದೆ. ತೀರ್ಪು ಕೊಡುವವನ ಕಿವಿ ಯಾವಾಗಲೂ ಚಪ್ಪಾಳೆಯ ಕಡೆಗೇ ಇರುತ್ತದೆ ಅನ್ನುವ ಮೂರನೆಯ ಪಾಠವನ್ನು ಮೇಷ್ಟ್ರು ಹೇಳಲಿಲ್ಲ.

ಆ ವರ್ಷ ರತ್ನತ್ತೆಯನ್ನು ಕೇಳಿಕೊಂಡು ಒಂದು ಸಂಬಂಧ ಬಂತು. ಅವಳು ಕೆಲಸ ಮಾಡುವ ತೋಟದಿಂದ ಹೂವಿನ ಡಬ್ಬಿಗಳನ್ನು ಹೊಸೂರಿಗೆ ಸಾಗಿಸುವ ಟೆಂಪೋ ಡ್ರೈವರ್ ನಾಗರಾಜ. ಅವಲಪಲ್ಲಿಯವನು. ಅವನಿಗೂ ಹೆಂಡತಿ ತೀರಿಕೊಂಡಿದ್ದಳು. ಒಂದು ಭಾನುವಾರ ತನ್ನ ಅಕ್ಕನನ್ನು ಕರೆದುಕೊಂಡು, ಇಸ್ತ್ರಿ ಗೆರೆ ಮೂಡಿದ ಅಂಗಿ ಹಾಕಿಕೊಂಡು ಬಂದು ನಮ್ಮ ಜಗಲಿಯ ತುದಿಯಲ್ಲಿ ಕೂತ. ಅತ್ತೆ ಒಳಗೆ ಕಾಫಿ ಸೋಸುತ್ತಿದ್ದಳು. ಸೋಸಿದ್ದನ್ನೇ ಮತ್ತೆ ಸೋಸುತ್ತಿದ್ದಳು. ಅವನು ಸುತ್ತಿಬಳಸದೆ ಹೇಳಿದ:

"ನಮ್ ಕಡೆ ಏನೂ ಬೇಡಿಕೆ ಇಲ್ಲಣ್ಣ. ದೇವಸ್ಥಾನದಾಗೆ ಒಂದ್ ಹಾರ ಬದಲಾಯಿಸ್ಕೊಂಡ್ರೆ ಸಾಕು. ನೀವು ಹೂಂ ಅನ್ಬೇಕು ಅಷ್ಟೇ."

ಅಪ್ಪ ಅಜ್ಜಿಯ ಮುಖ ನೋಡಿದ. ಅಜ್ಜಿ ಕಲ್ಲಿನ ಕಡೆ ನೋಡಿದಳು.

"ಇದು ಮಾಸ್ತಮ್ಮನ ಮನೆ ಕಣಪ್ಪ. ಈ ಮನೇಲಿ ಹುಟ್ಟಿದ ಹೆಣ್ಣು ಎರಡನೇ ತಾಳಿ ಕಟ್ಟಿಸ್ಕೊಂಡಿದ್ದಿಲ್ಲ. ಆವಮ್ಮ ಬೆಂಕಿಗೆ ಹೋದ್ಲು. ನನ್ ಮಗಳು ಬೆಂಕಿಗೇನ್ ಹೋಗ್ಬೇಕಾಗಿಲ್ಲ, ಸುಮ್ನೆ ಮನೇಲಿ ಇದ್ರೆ ಸಾಕು."

ಅಷ್ಟು ಕಡಿಮೆ ಕೇಳುತ್ತಿದ್ದೇನಲ್ಲ ಎಂಬ ಉದಾರತೆ ಅವಳ ದನಿಯಲ್ಲಿತ್ತು. ನಾಗರಾಜನ ಅಕ್ಕ ಎದ್ದು ಹೋಗಿ ಕಲ್ಲಿಗೆ ಕೈಮುಗಿದಳು. ಆದರೆ ಹೆದರಲಿಲ್ಲ. "ಹಳೇ ಕಾಲದ್ದು ಬುಡಿ ಅಜ್ಜಿ. ಯೋಚ್ನೆ ಮಾಡಿ ಹೇಳಿ" ಅಂದು ತಮ್ಮನನ್ನು ಎಬ್ಬಿಸಿಕೊಂಡು ಹೊರಟಳು. ಅವನು ಲೋಟ ಕೆಳಗಿಡುವಾಗ ಒಳಗಿನ ಬಾಗಿಲ ಕಡೆ ಒಂದು ಸಲ ನೋಡಿದ್ದನ್ನು ನಾನು ಕಂಡೆ.

ಅವತ್ತು ನಮ್ಮ ಮನೆಯಲ್ಲಿ ಆದಂಥ ಜಗಳ ಅದಕ್ಕೆ ಮೊದಲು ಆಗಿರಲಿಲ್ಲ. ಶುರು ಮಾಡಿದವಳು ಅತ್ತೆಯೇ. ತಟ್ಟೆ ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು ಅಪ್ಪನ ಮುಂದೆ ನಿಂತಳು.

"ಅಣ್ಣ, ನಂಗೆ ಒಪ್ಗೆ ಐತೆ. ನನ್ನೂ ಒಂದ್ ಮಾತು ಕೇಳ್ಬೇಕಲ್ವಾ?"

"ಕೇಳ್ದಂಗೆ ಆಯ್ತಲ್ಲ ಈಗ. ಸುಮ್ಕಿರು."

"ಸುಮ್ಕಿದ್ದೇ ಇಷ್ಟ್ ವರ್ಷ ಆಯ್ತು."

"ಇವ್ಳು ಹೋದ್ರೆ ಹಸಾ ಯಾರ್ ನೋಡ್ಕೊತಾರೆ? ನನ್ ಕೈಲಿ ಆಗಕ್ಕಿಲ್ಲ" ಅಂದಳು ಅವ್ವ, ಯಾರ ಮುಖವನ್ನೂ ನೋಡದೆ.

ನನ್ನ ಅವ್ವ ಕೆಟ್ಟವಳಲ್ಲ. ಆದರೆ ಆ ಮನೆಯ ಇಡೀ ಮಾಸ್ತಮ್ಮ ಪುರಾಣದಲ್ಲಿ ನಾನು ಕೇಳಿದ ಒಂದೇ ಪ್ರಾಮಾಣಿಕ ವಾಕ್ಯ ಅದು. ನಾನು ಅಲ್ಲಿಂದ ಬಾಯಿ ಹಾಕಿದೆ. ಸತ್ತವಳ ಹೆಸರು ಗೊತ್ತಾ? ಇಲ್ಲ. ರಾಜನ ಹೆಸರು? ಇಲ್ಲ. ಅವಳಿಗೆ ಮಕ್ಕಳಿದ್ದವಾ? ಇದ್ದಿದ್ದರೆ ಚಿತೆಗೆ ಹೋಗುವಾಗ ಅವನ್ನು ಯಾರಿಗೆ ಕೊಟ್ಟಳು? ಇಲ್ಲದಿದ್ದರೆ ನಾವು ಯಾರ ಸಂತಾನ? ಅಜ್ಜಿ ಪೊರಕೆ ತೆಗೆದುಕೊಂಡಳು. ಅಪ್ಪ ನಗುವುದೋ ಹೊಡೆಯುವುದೋ ತಿಳಿಯದೆ ನನ್ನ ಮುಂದೆ ಕೈ ಅಡ್ಡ ಹಿಡಿದ. ಆಗ ನಾನು ಮೇಷ್ಟ್ರು ಕಲಿಸಿದ ಎರಡನೆಯ ಪಾಠ ಬಳಸಿದೆ.

"ಅಪ್ಪ, ಏನ್ ತೋರ್ಸಿದ್ರೆ ನೀನು ಒಪ್ಕೊತೀಯ? ಅದನ್ನ ಮೊದ್ಲು ಹೇಳು."

ಅಪ್ಪನಿಗೆ ಫೋನಿನಲ್ಲಿ ಒಂದು ಚರಿತ್ರೆಯ ಚಾನೆಲ್ಲು ನೋಡುವ ಚಟವಿತ್ತು. ಇಬ್ಬರು ಹುಡುಗರು ಬೈಕಿನಲ್ಲಿ ಊರೂರು ತಿರುಗಿ ಕೋಟೆ, ಕಲ್ಲು, ಬಾವಿ ತೋರಿಸುತ್ತಾ ತಮಿಳಿನಲ್ಲಿ ರಾಜರ ಕತೆ ಹೇಳುತ್ತಿದ್ದರು. ಕಾರ್ಖಾನೆಯ ಬಸ್ಸಿನಲ್ಲಿ ಅರ್ಧ ಜನ ಅದನ್ನೇ ನೋಡುತ್ತಿದ್ದರಂತೆ. ಅಪ್ಪ ತಾನು ದೊಡ್ಡ ನ್ಯಾಯ ಹೇಳುತ್ತಿರುವ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ.

"ಆ ಚಾನಲ್ನೋರನ್ನ ಕರೀತೀನಿ. ನೆಲ ಒಡೆದು ಕಲ್ಲು ಪೂರ್ತಿ ನೋಡ್ಲಿ. ಮಾಸ್ತಮ್ಮ ಅಂತ ಕಲ್ಲೇ ಹೇಳಿದ್ರೆ ಈ ಮಾತು ಇಲ್ಲಿಗೆ ಮುಗೀತು. ಇಲ್ದಿದ್ರೆ ನಾಗರಾಜನ ಕಡೆಯೋರಿಗೆ ಬರಕ್ಕೇಳ್ತೀನಿ. ಆಯ್ತಾ?"

"ಕಲ್ಲು ಹೇಳ್ದಂಗೆ?"

"ಕಲ್ಲು ಹೇಳ್ದಂಗೆ."

ಅತ್ತೆ ಮತ್ತೆ ತಟ್ಟೆ ತೊಳೆಯಲು ಹೋದಳು. ಅವಳ ಮುಂದಿನ ಬದುಕನ್ನೆಲ್ಲ ಅಪ್ಪನೂ ನಾನೂ ಸಿಮೆಂಟಿನ ಕೆಳಗೆ ಏನಿದೆ ಎಂಬುದಕ್ಕೆ ಕಟ್ಟಿಹಾಕಿದ್ದೆವು. ನನಗೋ, ಖುಷಿ. ಎದುರಾಳಿ ಸಾಕ್ಷಿಯನ್ನು ಒಪ್ಪಿಕೊಂಡಿದ್ದಾನೆ, ಇನ್ನೇನು ಬೇಕು?

ಚಾನೆಲ್ಲಿನ ಹುಡುಗರು ಬಂದರು. ಮಾತಾಡುವವನು ಕಾರ್ತಿಕ್, ಇನ್ನೊಬ್ಬನ ಕೆಲಸ ಕ್ಯಾಮೆರಾ ಹಿಡಿಯುವುದು ಮಾತ್ರ. ಅವರ ತಮಿಳನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ಕಾರ್ತಿಕ್ ಮೊದಲು ಅಜ್ಜಿಯ ಕಾಲು ಮುಟ್ಟಿ, "ಪಾಟಿ, ಕತೆ ಹೇಳಿ" ಅಂದ. ಅಜ್ಜಿ ಹೇಳಿದಳು. ಅವಳು ಅಷ್ಟು ಚೆನ್ನಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಕುದುರೆ ಇತ್ತು, ಕನ್ನಡಿ ಇತ್ತು, ಗೆಳತಿ ಇದ್ದಳು. ಬೆಂಕಿ ಕಂಡು ಗೆಳತಿ ಹಿಂದೆ ಸರಿದಾಗ ಮಾಸ್ತಮ್ಮ ಅವಳ ಕೈ ಹಿಡಿದು ನಕ್ಕಳಂತೆ. ಆ ನಗು ಹೊಸದು. ಅಪ್ಪನ ಕಣ್ಣಲ್ಲಿ ನೀರು ಬಂತು. ಕ್ಯಾಮೆರಾದವನ ಕೈ ಒಂದಿಷ್ಟೂ ಅಲುಗಲಿಲ್ಲ. ಅವಳು ಮುಗಿಸಿದ ಮೇಲೆ ಅಪ್ಪ, ಪಕ್ಕದ ಮನೆಯಿಂದ ತಂದ ಹಾರೆಯಲ್ಲಿ ಸಿಮೆಂಟು ಒಡೆದ. ಮಣ್ಣು ತೆಗೆದಷ್ಟೂ ಕಲ್ಲು ಕೆಳಗೆ ಹೋಗುತ್ತಲೇ ಇತ್ತು. ಕಾರ್ತಿಕ್ ಒದ್ದೆ ಬಟ್ಟೆಯಿಂದ ಒರೆಸಿದ. ಆಮೇಲೆ ಅಜ್ಜಿಯ ಅಪ್ಪಣೆ ಕೇಳಿ ನಡುವಿನ ಉಬ್ಬಿನ ಮೇಲಿದ್ದ ಅರಿಸಿನದ ಹೆಪ್ಪನ್ನು ಬಿದಿರು ಚೂರಿನಿಂದ ಮೆಲ್ಲಗೆ ಎಬ್ಬಿಸಿದ. ಬೆಂಕಿಯೊಳಗಿಂದ ಒಬ್ಬ ಗಂಡಸು ಹೊರಬಂದ. ಗಂಟು ಕಟ್ಟಿದ ಕೂದಲು, ಮಡಚಿದ ಕಾಲು, ನೆಮ್ಮದಿಯಾಗಿ ಕೂತಿದ್ದ. ಮಣ್ಣಿನಡಿಯ ಭಾಗದಲ್ಲಿ ಅದೇ ಗಂಡಸು ಬಿಲ್ಲು ಹಿಡಿದು ನಿಂತಿದ್ದ. ಅವನ ಹಿಂದೆ ಸಾಲಾಗಿ ದನಗಳು.

"ಇದು ಮಾಸ್ತಿಕಲ್ಲಲ್ಲ" ಅಂದ ಕಾರ್ತಿಕ್. "ನಡುಕಲ್ಲು. ಕನ್ನಡದಲ್ಲಿ ವೀರಗಲ್ಲು ಅಂತೀರಲ್ಲ, ಅದು. ಊರಿನ ದನ ಹೊಡೆದುಕೊಂಡು ಹೋದವರ ಜೊತೆ ಹೋರಾಡಿ ಸತ್ತಿದ್ದಾನೆ. ಸತ್ತವನನ್ನು ಮೇಲಕ್ಕೆ ಕರೆದುಕೊಂಡು ಹೋಗುತ್ತಿದ್ದಾರಲ್ಲ, ಈ ಇಬ್ಬರು ದೇವಲೋಕದ ಹೆಣ್ಣುಗಳು. ಇಲ್ಲಿ ಚಿತೆಯೂ ಇಲ್ಲ, ಹೆಂಡತಿಯೂ ಇಲ್ಲ."

ಅಪ್ಪ ಕುಕ್ಕರುಗಾಲಲ್ಲಿ ಕೂತು ದನಗಳನ್ನು ಬಹಳ ಹೊತ್ತು ನೋಡಿದ. ಅಜ್ಜಿ ಏನೂ ಕೇಳಿಸದವಳಂತೆ ಕುಂಕುಮದ ಬಟ್ಟಲು ತರಲು ಒಳಗೆ ಹೋದಳು. ನಾನು ಅತ್ತೆಯನ್ನು ಹುಡುಕಿದೆ. ಅವಳು ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಎರಡು ಕೈಯನ್ನೂ ಬಾಯಿಗೆ ಒತ್ತಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

ಅಜ್ಜಿ ಸುಮ್ಮನೆ ಬಿಡುವವಳಲ್ಲ. ಊಟಕ್ಕೆ ಕೂತಾಗ ಅಪ್ಪನನ್ನು ಹಿಡಿದಳು.

"ಮೀಸೆ ಬರ್ದಿರೋ ಹುಡುಗ ಹೇಳ್ದ ಅಂತ ನಂಬ್ಬುಟ್ಟೇನ್ಲಾ? ನಮ್ಮತ್ತೆ, ಅವ್ರತ್ತೆ ಎಲ್ಲ ಸುಳ್ಳಾ?"

"ಸುಳ್ಳಲ್ಲ ಅಜ್ಜಿ, ಅವ್ರಿಗೆ ಕಂಡಿದ್ದು ಅರ್ಧ ಕಲ್ಲು. ಕಂಡಿದ್ದಕ್ಕೆ ತಕ್ಕಂಗೆ ಹೇಳಿದ್ರು" ಅಂದೆ ನಾನು. ಎದುರಾಳಿಗೆ ಗೌರವದಿಂದ ಸೋಲಲು ಒಂದು ದಾರಿ ಬಿಡಬೇಕು ಎಂಬುದೂ ನನ್ನ ಕಲಿಕೆಯಲ್ಲಿತ್ತು.

"ನಿನ್ನ ಕೇಳ್ಲಿಲ್ಲ ಕಣೆ ನಾನು!"

"ಅವ್ವ, ಮಾತು ಕೊಟ್ಟಿದೀನಿ" ಅಂದ ಅಪ್ಪ, ತಟ್ಟೆ ನೋಡುತ್ತಾ. "ಬರಕ್ಕೇಳ್ತೀನಿ ಅವ್ರಿಗೆ."

ಆ ವಾರ ನಮ್ಮ ಮನೆಯಲ್ಲಿ ಗಾಳಿಯೇ ಬೇರೆಯಾಗಿತ್ತು. ಅತ್ತೆ ತೋಟದಿಂದ ಬರುವಾಗ ಕಡ್ಡಿ ಮುರಿದ ಗುಲಾಬಿಗಳನ್ನು ತಂದು ಚೊಂಬಿನಲ್ಲಿ ಇಡುತ್ತಿದ್ದಳು. ಅವ್ವನಿಗೆ ಹಾಲು ಕರೆಯುವುದನ್ನು ಹೇಳಿಕೊಡುತ್ತಿದ್ದಳು. ಹಸು ಅವ್ವನ ಕೈಯನ್ನು ಒಪ್ಪದೆ ಬಕೆಟ್ಟು ಒದೆಯುವುದು, ಅವ್ವ ಬೈಯುವುದು, ಇಬ್ಬರೂ ಬಿದ್ದು ಬಿದ್ದು ನಗುವುದು. ನನಗೆ ಜಡೆ ಹಾಕುವಾಗ ಒಮ್ಮೆ ಕೇಳಿದಳು, "ಅವಲಪಲ್ಲಿಯಿಂದ ನಿನ್ ಸ್ಕೂಲಿಗೆ ಬಸ್ಸು ಐತೇನೆ? ರಜಾಕ್ಕೆ ಬತ್ತೀಯಲ್ಲ, ನಮ್ ಮನೇಗೆ?" ನಮ್ಮ ಮನೆ ಅನ್ನುವಾಗ ಅವಳು ಬೇರೆ ಮನೆಯೊಂದನ್ನು ಹೇಳುತ್ತಿದ್ದಾಳೆ ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನಾಗರಾಜನೂ ಅವನ ಅಕ್ಕನೂ ಮುಂದಿನ ಭಾನುವಾರ ಬರುವುದೆಂದು ಆಯಿತು.

ಶುಕ್ರವಾರ ವಿಡಿಯೋ ಬಂತು. ಅಪ್ಪ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ನಿಲ್ಲಿಸಿದ, ನಾವೆಲ್ಲ ಸುತ್ತ ಕೂತೆವು. ನಗಾರಿ, ಕಹಳೆ. ಎಲ್ಲಿಯದೋ ಕೋಟೆ. ತೆರೆಯ ತುಂಬ ಬೆಂಕಿ, ಬೆಂಕಿಯೊಳಗೆ ನಮ್ಮ ಕಲ್ಲಿನ ಎತ್ತಿದ ಕೈ. ಆಮೇಲೆ ಅಜ್ಜಿ. ಅವಳ ಕತೆ ಪೂರ್ತಿ ಇತ್ತು, ಒಂದು ಮಾತೂ ಬಿಟ್ಟಿರಲಿಲ್ಲ. ಗೆಳತಿಯ ಕೈ ಹಿಡಿದು ನಕ್ಕ ಜಾಗದಲ್ಲಿ ವೀಣೆ ಇತ್ತು. ಹಾರೆ ಇರಲಿಲ್ಲ. ದನಗಳಿರಲಿಲ್ಲ. ಅರಿಸಿನದಿಂದ ಹೊರಬಂದ ಗಂಡಸು ಇರಲಿಲ್ಲ. ಕೊನೆಯಲ್ಲಿ ಕಾರ್ತಿಕ್ ಕಾಣಿಸಿಕೊಂಡು, ಇಂಥ ತಾಯಂದಿರು ನಡೆದ ಮಣ್ಣಿದು ಎಂದು ಕೈಮುಗಿದ. ನಾನು ಡಬ್ಬಿಗೆ ಒರಗಿದ್ದ ಫೋನು ಕಿತ್ತುಕೊಂಡು ಅವನಿಗೆ ಕರೆ ಮಾಡಿದೆ.

"ತಂಗಚ್ಚಿ, ಕೋಪ ಮಾಡ್ಕೋಬೇಡ" ಅಂದ, ತಂಗಿಗೆ ಹೇಳುವಷ್ಟೇ ಮೃದುವಾಗಿ. "ನೀನು ಹೇಳೋದು ಸರಿ. ಆದ್ರೆ ದನ ಕಾಯ್ದು ಸತ್ತವರ ಕಲ್ಲು ಹೊಲಕ್ಕೊಂದು ಸಿಗುತ್ತೆ, ಯಾರು ನೋಡ್ತಾರೆ? ಪಾಟಿ ಹಾಗೆ ಹೇಳೋರು ಎಲ್ಲೂ ಸಿಗಲ್ಲ. ನಡುಕಲ್ಲಿನ ವಿಷಯ ಬೇರೆ ವಿಡಿಯೋದಲ್ಲಿ ಹಾಕೋಣ."

"ಆ ವಿಡಿಯೋ ನಂಬಿ ನಮ್ಮತ್ತೆ ಮದುವೆ ನಿಂತ್ಹೋದ್ರೆ?"

"ಅದಕ್ಕೂ ಇದಕ್ಕೂ ಏನಮ್ಮ ಸಂಬಂಧ?"

ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ. ಇವತ್ತಿಗೂ ಅವನನ್ನು ಸುಳ್ಳ ಅನ್ನಲು ನನಗೆ ಆಗುವುದಿಲ್ಲ. ಅವನು ಕಲ್ಲನ್ನು ಸರಿಯಾಗಿ ಓದಿದ್ದ, ನಮಗೆ ಸರಿಯಾಗಿ ಹೇಳಿದ್ದ. ಊರಿಗೆ ಮಾತ್ರ ಊರು ಕೇಳಬಯಸಿದ್ದನ್ನು ಕೊಟ್ಟ. ಅಪ್ಪ ನನ್ನ ಕೈಯಿಂದ ಫೋನು ಇಸಿದುಕೊಂಡು ವಿಡಿಯೋ ಎರಡನೆಯ ಸಲ ನೋಡಿದ. ಕಾರ್ಖಾನೆಯಿಂದ ಕರೆಗಳು ಬರತೊಡಗಿದ್ದವು. ಸೂಪರ್‌ವೈಸರ್ ಕೂಡ ಫೋನು ಮಾಡಿದ್ದನಂತೆ. ಅದುವರೆಗೆ ಅಪ್ಪನನ್ನು ಹೆಸರು ಹಿಡಿದೂ ಕರೆಯದಿದ್ದ ಜನ ಅವತ್ತು ಅವನನ್ನು "ಮಾಸ್ತಮ್ಮನ ವಂಶದವರೇ" ಎಂದು ಕರೆದರು. ಬೋಲ್ಟು ಬಿಗಿಯುವ ಆ ಮನುಷ್ಯನ ಮುಖದಲ್ಲಿ ಅಂಥ ಹೆಮ್ಮೆಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. 

ಭಾನುವಾರ ಅವರು ಬರಲಿಲ್ಲ. ನಾಗರಾಜನ ಅಕ್ಕ ಅಪ್ಪನಿಗೆ ಫೋನು ಮಾಡಿದಳು. ಎಲ್ಲರಿಗೂ ಕೇಳುವಷ್ಟು ಜೋರಾಗಿತ್ತು ಅವಳ ದನಿ.

"ಕಲ್ಲು ನೋಡ್ದಾಗ ನಂಗೆ ಅಷ್ಟು ತಿಳೀಲಿಲ್ಲಣ್ಣ. ವಿಡಿಯೋ ನೋಡಿ ಮೈಯೆಲ್ಲ ನಡುಕ ಬಂತು. ನಮ್ ಬೀದಿಯೋರೆಲ್ಲ ನೋಡವ್ರೆ. ಅಂಥ ತಾಯಿ ಮನೆ ಹೆಣ್ಣನ್ನ ತಂದು ಎರಡನೇ ತಾಳಿ ಕಟ್ಸಿದ್ರೆ ನಮ್ ಮನೆ ಉಳೀತದಾ? ತಪ್ಪು ತಿಳ್ಕೋಬ್ಯಾಡಿ."

"ಅದು ಸುಳ್ಳು! ಅದು ದನ ಕಾಯ್ದೋನ ಕಲ್ಲು! ಅಪ್ಪ, ಹೇಳು ಅವ್ರಿಗೆ, ನೀನೇ ಅಗೆದ್ಯಲ್ಲ!" ನಾನು ಕಿರುಚಿದೆ.

ಅಪ್ಪ ಹೇಳಬಹುದಿತ್ತು. ಒಂದೇ ವಾಕ್ಯ. ಅವನು ಫೋನನ್ನು ಒಂದು ಕಿವಿಯಿಂದ ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು, "ಹೂಂನಮ್ಮ. ಆವಮ್ಮನ ಇಷ್ಟ ಹೆಂಗೈತೋ ಹಂಗೆ" ಅಂದ.

ಮಾರನೆಯ ದಿನ ಅತ್ತೆ ತೋಟದ ಗೇಟಿನ ಹತ್ತಿರ ಟೆಂಪೋ ತಡೆದು ನಾಗರಾಜನನ್ನೇ ಕೇಳಿದಳಂತೆ. ಬಹಳ ವರ್ಷಗಳ ಮೇಲೆ ನನಗೆ ಹೇಳಿದಳು. "ಅಕ್ಕನ್ನ ಮೀರಕ್ಕಾಗಲ್ಲ ರತ್ನಾ ಅಂದ. ಸ್ಟೇರಿಂಗ್ ಹಿಡ್ಕೊಂಡೇ ಅಂದ. ಕೆಳ್ಗೂ ಇಳೀಲಿಲ್ಲ." ಆಮೇಲೆ ಆ ತೋಟದ ಹೂವಿಗೆ ಬೇರೆ ಡ್ರೈವರ್ ಬಂದ.

ಅಪ್ಪ ತೆಗೆದ ಮಣ್ಣನ್ನು ತಾನೇ ಮತ್ತೆ ತುಂಬಿದ. ಮೇಲೆ ಸಿಮೆಂಟು, ಸಿಮೆಂಟಿನ ಮೇಲೆ ಬಿಳಿ ಟೈಲ್ಸು, ಸುತ್ತ ಕಬ್ಬಿಣದ ಕಂಬಿ. ಜನ ಬರತೊಡಗಿದರು. ಮೊದಲು ಅಕ್ಕಪಕ್ಕದ ಊರಿನವರು, ಆಮೇಲೆ ಕೃಷ್ಣಗಿರಿ ಕಡೆಯಿಂದ ವ್ಯಾನು ಮಾಡಿಕೊಂಡು ಹೆಂಗಸರು, ಆಮೇಲೆ ಶಾಲೆಗಳು. ಚರಿತ್ರೆ ಪಾಠಕ್ಕೆ ಹತ್ತಿರದಲ್ಲೇ ಇಂಥ ಜಾಗ ಇರುವಾಗ ಮೇಷ್ಟ್ರುಗಳು ಬಿಡುತ್ತಾರೆಯೇ? ಸಾಲಾಗಿ ನಿಲ್ಲಿಸಿ ಮಕ್ಕಳಿಗೆ ಕತೆ ಕೇಳಿಸಿ, ಮರಳಿ ಹೋದ ಮೇಲೆ ಪ್ರಬಂಧ ಬರೆಸುತ್ತಿದ್ದರು. ನಾನು ಒಂದೆರಡು ಸಲ ಬಂದ ಮೇಷ್ಟ್ರುಗಳ ಹತ್ತಿರ ವಾದಕ್ಕಿಳಿದೆ. ಒಬ್ಬರು ನನ್ನ ತಮಿಳನ್ನು ಹೊಗಳಿದರು. ಇನ್ನೊಬ್ಬರು, ಮಕ್ಕಳ ಮುಂದೆ ಹಾಗೆಲ್ಲ ಮಾತಾಡಬಾರದಮ್ಮ ಅಂದರು. ಅಜ್ಜಿ ದಿನವಿಡೀ ಕತೆ ಹೇಳಿ ಹೇಳಿ ಗಂಟಲು ಕಳೆದುಕೊಂಡಳು. ಪಿಸುಮಾತಿಗಿಂತ ಹೆಚ್ಚು ಬರುತ್ತಿರಲಿಲ್ಲ. ಆಗ ಕತೆ ಹೇಳುವವರು ಯಾರು? ಅವ್ವನಿಗೆ ಜನರ ಮುಂದೆ ಬಾಯಿ ಬರುವುದಿಲ್ಲ. ಅಪ್ಪನಿಗೆ ಶಿಫ್ಟು. ಅತ್ತೆಯನ್ನು ತೋಟದ ಕೆಲಸದಿಂದ ಬಿಡಿಸಿದರು.

ಅವಳು ಕತೆ ಹೇಳಿದ್ದನ್ನು ನಾನು ಮೊದಲ ಸಲ ಕೇಳಿದಾಗ ಕಾಲೇಜಿನಿಂದ ರಜೆಗೆ ಬಂದಿದ್ದೆ. ಅಜ್ಜಿಗಿಂತ ಚೆನ್ನಾಗಿ ಹೇಳುತ್ತಿದ್ದಳು. ಅಜ್ಜಿ ಬೆಂಕಿಯನ್ನು ಹೊರಗಿನಿಂದ ಹೇಳುತ್ತಿದ್ದಳು. ಅತ್ತೆ ಒಳಗಿನಿಂದ ಹೇಳುತ್ತಿದ್ದಳು. ಜನ ಹೋದ ಮೇಲೆ ಅಡುಗೆಮನೆಯಲ್ಲಿ ನಾನು ಅವಳನ್ನು ತಡೆದು ನಿಲ್ಲಿಸಿದೆ.

"ನೀನೇ ಕಣ್ಣಾರೆ ನೋಡಿದೀಯ ಅತ್ತೆ. ಆ ಕಲ್ಲಲ್ಲಿ ಏನೈತೆ ಅಂತ ನಿಂಗೊತ್ತು. ಆದ್ರೂ ಯಾಕೆ ಹೇಳ್ತೀಯ?"

ಅವಳು ಒಲೆಯ ಉರಿ ತಗ್ಗಿಸಿದಳು. ಬೆರಳ ಮೇಲಿನ ಗೀರುಗಳೆಲ್ಲ ಮಾಸಿಹೋಗಿದ್ದವು.

"ನೀನು ಗೆದ್ದೆ ಕಣೆ ಗಿರಿಜಾ. ನಾನ್ ಇಲ್ಲ ಅಂದ್ನಾ? ಅವತ್ತೇ ಗೆದ್ದೆ. ಗೆದ್ದು ನಂಗೆ ಏನ್ ಮಾಡ್ಕೊಟ್ಟೆ?"

ಉತ್ತರ ಕೊಡಲು ಬಾಯಿ ತೆರೆದೆ. ಮೊದಲು ಎತ್ತಿಕೊಳ್ಳಬೇಕಾದದ್ದು ಎದುರಾಳಿಯ ಅತಿ ಬಲವಾದ ಮಾತನ್ನು. ಅದು ನನ್ನ ಕೈಯಿಂದ ಏಳಲಿಲ್ಲ. ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು, ಒಂದು ಶಾಲೆಯವರು ಎರಡು ಬಸ್ಸು ಮಾಡಿಕೊಂಡು ಬಂದಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು ಹೋದಳು. ನಾನು ಬಾಗಿಲಿಗೆ ಒರಗಿ ನಿಂತೆ.

ಮೊದಲ ಬಸ್ಸಿನ ಮಕ್ಕಳು ಕಂಬಿಯ ಸುತ್ತ ಕೂತರು. ಅವಳು ತಮಿಳಿನಲ್ಲಿ ಹೇಳಿದಳು: ಕನ್ನಡಿ, ಕುದುರೆ, ಸುದ್ದಿ ತಂದ ಆಳು, ನದಿಯ ದಂಡೆ, ಗೆಳತಿ, ನಗು. ಮಕ್ಕಳು ಉಸಿರು ಬಿಗಿಹಿಡಿದಿದ್ದರು. ಮುಗಿದ ಮೇಲೆ ಮೇಷ್ಟ್ರು ಯಾರಿಗಾದರೂ ಪ್ರಶ್ನೆ ಇದೆಯಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಫೋಟೋಕ್ಕೆ ಎಬ್ಬಿಸತೊಡಗಿದರು. ಮುಂದಿನ ಸಾಲಿನ ಒಬ್ಬ ಹುಡುಗಿ, ಹಲ್ಲು ಬಿದ್ದ ಸಂದಿಯಲ್ಲಿ ನಾಲಗೆ ಆಡಿಸುತ್ತಾ, ಏಳದೆ ಕೇಳಿದಳು:

"ಅವರಿಗೆ ಹೋಗೋಕೆ ಇಷ್ಟ ಇತ್ತಾ?"

ಅತ್ತೆ ಕಲ್ಲಿನ ಕಡೆ ನೋಡಲಿಲ್ಲ. ಮಗುವನ್ನೇ ನೋಡಿದಳು.

"ಯಾರೂ ಕೇಳಲಿಲ್ಲಮ್ಮ."

ಒಳಗಿನಿಂದ, ಮಂಚದ ಮೇಲಿನಿಂದ, ಅಜ್ಜಿಯ ಸೀಳಿಹೋದ ಪಿಸುದನಿ ಬಂತು.

"ರತ್ನೀ! ಕತೇಲಿ ಅದಿಲ್ಲ."

"ಇಲ್ಲ ಕಣವ್ವ" ಅಂದಳು ಅತ್ತೆ. "ಇಲ್ಲ."

ಎರಡನೆಯ ಬಸ್ಸಿನ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು. ಅವಳು ಒಂದು ಗುಟುಕು ನೀರು ಕುಡಿದು, ಎಲ್ಲರೂ ಕೂರುವವರೆಗೆ ಕಾದು, ಮೊದಲಿನಿಂದ ಶುರು ಮಾಡಿದಳು.